ಸುಗ್ಗಿ ಹಬ್ಬದ ಏಲಂಗೆ ಜಿಎಸ್‌ಟಿ ಅಂತೆ, ನಮ್ಮ ಗ್ರೂಪಲ್ಲಿ ನಿನ್ನೆ ರಾತ್ರಿ ಆದ ಗಲಾಟೆ

ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡ್ತೇನೆ. ನಮ್ಮದು ಉಡುಪಿ ಕಡೆಯ ಸಣ್ಣ ಸಿಎಸ್‌ಐ ಸಭೆ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾದ ಚರ್ಚು. ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಮನೆಮನೆಯಿಂದ ತಂದ ತೆಂಗಿನಕಾಯಿ, ಬಾಳೆಗೊನೆ, ಊರಿನ ಕೋಳಿ, ಕೇಕು ಎಲ್ಲ ಅಂಗಳದಲ್ಲಿ ಏಲಂ ಆಗ್ತದೆ, ದುಡ್ಡು ಸಭೆಗೆ ಹೋಗ್ತದೆ, ಹತ್ತು ರೂಪಾಯಿಯ ವಸ್ತುವಿಗೆ ಸಾವಿರ ಕೂಗಿ ಪಕ್ಕದವನ ಮುಖ ನೋಡುವುದೇ ಅದರ ಮಜಾ. ಹಬ್ಬಕ್ಕೆ ಇನ್ನೊಂದು ವಾರ ಇರುವಾಗ ಕುಟುಂಬದ ಗ್ರೂಪಿಗೆ ಇದು ಬಂತು. ಹೆಸರು ಯಾರದ್ದೂ ಹಾಕ್ಲಿಲ್ಲ.

ದೊಡ್ಡಪ್ಪ: 🔴ಬ್ರೇಕಿಂಗ್🔴 ಇಂದು ಮಧ್ಯರಾತ್ರಿಯಿಂದ ಚರ್ಚುಗಳ ಎಲ್ಲಾ ಹರಾಜಿಗೆ 18% ಜಿಎಸ್‌ಟಿ!! ರಸೀದಿ ಇಲ್ಲದಿದ್ದರೆ ಪಾಸ್ಟರ್ ಮೇಲೆ ಕೇಸ್!! ಎಲ್ಲಾ ಸಭೆಗಳಿಗೆ ತಲುಪಿಸಿ 🙏🙏

ದೊಡ್ಡಪ್ಪ: ನೋಡಿ, ನಾನು ಕಳೆದ ವರ್ಷವೇ ಹೇಳಿದ್ದೆ

(ಕಳೆದ ವರ್ಷ ಅವರು ಹೇಳಿದ್ದು ಮೈಕ್ ಸೆಟ್ಟಿನ ಬಾಡಿಗೆ ಬಗ್ಗೆ.)

ಬೆಂಗಳೂರು ಅಣ್ಣ: ಸೋರ್ಸ್ ಏನು ದೊಡ್ಡಪ್ಪ? ನೋಟಿಫಿಕೇಶನ್ ನಂಬರ್ ಇದ್ಯಾ?

ದೊಡ್ಡಪ್ಪ: ಕಳಿಸಿದವರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್

ಬೆಂಗಳೂರು ಅಣ್ಣ: ಅದು ಸೋರ್ಸ್ ಅಲ್ಲ 😐

ಹುಬ್ಬಳ್ಳಿ ಮಾವ: ನಮ್ಮ ಚರ್ಚಿನ ಗ್ರೂಪಿಗೂ ಬಂದೈತ್ರಿ ಇದು, ಆದ್ರ ಅದ್ರಾಗ 28% ಅಂತ ಐತಿ

ಚಿಕ್ಕಪ್ಪ: ಘಟ್ಟ ಹತ್ತುವಾಗ 10% ಏರಿದ್ದು ಬಾಡಿಗೆ ಇರ್ಬೇಕು 😂

ಬೆಂಗಳೂರು ಅಣ್ಣ: ಎಲ್ಲರೂ ಒಂದು ನಿಮಿಷ ಕೇಳಿ ಪ್ಲೀಸ್. ಪ್ಯಾಕ್ ಮಾಡದ ತರಕಾರಿ, ಹಣ್ಣು, ತೆಂಗಿನಕಾಯಿ, ಮೊಟ್ಟೆ, ಜೀವಂತ ಕೋಳಿ ಇದ್ಯಾವುದಕ್ಕೂ ಜಿಎಸ್‌ಟಿ ಇಲ್ಲ, 2017ರಲ್ಲಿ ಜಿಎಸ್‌ಟಿ ಬಂದಾಗಿಂದಲೂ ಇಲ್ಲ. ಕೇಕಿಗೆ 18 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5 ಆಗಿದೆ. ಅದು ಕೂಡ ರಿಜಿಸ್ಟ್ರೇಶನ್ ಇದ್ದವರಿಗೆ, ಸಾಮಾನು ಮಾರೋರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ದಾಟಿದ್ರೆ ರಿಜಿಸ್ಟ್ರೇಶನ್, ನಮ್ಮ ಅಂಗಳದಲ್ಲಿ 40 ಲಕ್ಷದ ಬಸಳೆ ಎಲ್ಲಿಂದ ಬರುತ್ತೆ

ಇಷ್ಟು ಟೈಪ್ ಮಾಡ್ಲಿಕ್ಕೆ ಪಾಪ ಎಷ್ಟು ಹೊತ್ತು ತಗೊಂಡನೋ, ಆದ್ರೆ ಇದರಲ್ಲಿ ಜನ ಓದಿದ್ದು ಒಂದೇ ಒಂದು ಶಬ್ದ.

ಮಂಗಳೂರು ಅತ್ತೆ: ಕೇಕಿನ ವಿಷಯ ಈಗ ಯಾಕೆ ಬಂತು?

ಬೆಂಗಳೂರು ಅಣ್ಣ: ಅತ್ತೆ ಉದಾಹರಣೆಗೆ ಹೇಳಿದ್ದು

ಮಂಗಳೂರು ಅತ್ತೆ: ಉದಾಹರಣೆಗೆ ಬಾಳೆಗೊನೆ ಹೇಳ್ಬಹುದಿತ್ತಲ್ಲ. ಹೋದ ಸಲ ನನ್ನ ಪ್ಲಮ್ ಕೇಕು 150ಕ್ಕೆ ಹೋಯ್ತು, ಅದರ ಒಳಗಿನ ಒಣದ್ರಾಕ್ಷಿ ಗೋಡಂಬಿಗೇ 400 ಆಗಿದೆ, ಕೂಗ್ಲಿಕ್ಕೆ ಒಬ್ಬರಿಗೂ ಬಾಯಿ ಬರ್ಲಿಲ್ಲ, ಸ್ವಂತ ಅಣ್ಣಂದಿರು ಎದುರಲ್ಲೇ ಕೂತಿದ್ರು. ಮತ್ತೆ ಯಾರೋ "ಉಬ್ಬಲಿಲ್ಲ" ಅಂದದ್ದೂ ನನಗೆ ಕೇಳಿದೆ

ಚಿಕ್ಕಪ್ಪ: ನಾನಲ್ಲ

ಮಂಗಳೂರು ಅತ್ತೆ: ನೀನು ಅಂತ ನಾನು ಹೇಳ್ಲೇ ಇಲ್ಲ ಮಾರಾಯ

ಚಿಕ್ಕಪ್ಪ: ನಾನು ಬೇರೆ ಲೆಕ್ಕದಲ್ಲಿದ್ದೇನೆ. ಅಣ್ಣ ಹೋದ ವರ್ಷ ಮಂಗಳೂರು ಸೌತೆಗೆ ಕೂಗಿದ್ದು 3,200, ಅದಕ್ಕೆ 18% ಅಂದ್ರೆ 576. ಅಸಲೇ ಬರ್ಲಿಲ್ಲ ಸಭೆಗೆ, ಜಿಎಸ್‌ಟಿ ಎಲ್ಲಿಂದ 😂😂

ಇಲ್ಲಿಂದ ಸರಕಾರ, ತೆರಿಗೆ ಎಲ್ಲ ಬದಿಗೆ ಹೋಯ್ತು. ಆ ಸೌತೆಕಾಯಿಯ ಕತೆ ಸಭೆಯಲ್ಲಿ ಎಲ್ಲರಿಗೂ ಗೊತ್ತುಂಟು, ಚಿಕ್ಕಪ್ಪ ಬೇಕಂತಲೇ ನೂರು ನೂರು ಏರಿಸಿ ದೊಡ್ಡಪ್ಪನನ್ನು 3,200ಕ್ಕೆ ಹತ್ತಿಸಿ, ಆಮೇಲೆ ಕೈ ಕಟ್ಟಿ ನಿಂತದ್ದು.

ದೊಡ್ಡಪ್ಪ: ಕೈಸರನದ್ದು (ಚಕ್ರವರ್ತಿಯದ್ದು) ಕೈಸರನಿಗೆ, ದೇವರದ್ದು ದೇವರಿಗೆ. ಮತ್ತಾಯ 22:21

ಚಿಕ್ಕಪ್ಪ: ಸರಿ, ಸೌತೆಯದ್ದು ಯಾರಿಗೆ?

ದೊಡ್ಡಪ್ಪ: ನಾನು ಕವರಿನಲ್ಲಿ ಹಾಕಿ ಕಾಣಿಕೆ ಚೀಲಕ್ಕೆ ಹಾಕಿದ್ದೇನೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು

ಚಿಕ್ಕಪ್ಪ: ಸೌತೆಕಾಯಿ ತಬ್ಬಿಕೊಂಡ ಫೋಟೋ ಮೂರು ದಿನ ಸ್ಟೇಟಸ್ಸಲ್ಲಿತ್ತಲ್ಲ, ಅದು ಯಾವ ಕೈ?

ಹುಬ್ಬಳ್ಳಿ ಮಾವ: 🤣🤣🤣 ಏ ಬಿಡ್ರಿ ಹಿರ್ಯಾರದಾರ

ದುಬೈ ತಮ್ಮ: ಓಯ್ ನೀವೆಲ್ಲ ಜಗಳ ಮಾಡಿ, ನನಗೆ ಆ ಹುಂಜ ನೆನಪಾಯ್ತು. ಕಾಲು ಕಟ್ಟಿ ಬಾಗಿಲ ಹತ್ತಿರ ಇಟ್ಟದ್ದು ಪಾಸ್ಟರ್ ಅಯ್ಯನವರ ಪ್ರಸಂಗದ (ಉಪದೇಶದ) ಮಧ್ಯ ಒಂದು ಕೂಗು ಹಾಕಿತು, ಅವರು ನಿಲ್ಲಿಸಿದ್ರು, ಮತ್ತೆ ಶುರು ಮಾಡುವಾಗ ಮತ್ತೊಂದು, ಆಗ ಅವರು ಕನ್ನಡಕ ತೆಗೆದು "ಇಲ್ಲಿ ಪೇತ್ರ ಯಾರಪ್ಪ, ಬೇಗ ಒಪ್ಪಿಕೊಂಡು ಹೊರಗೆ ಹೋಗಿ" ಅಂದ್ರು, ಕಾಯರಿನವರು ನಗು ತಡೆಯದೆ ಮುಂದಿನ ಹಾಡಿನ ಮೊದಲ ಚರಣವೇ ಬಿಟ್ರು. ಆಗ ಅಜ್ಜ ಇದ್ರು, ಹಂಚಿನ ಕಾರ್ಖಾನೆಯಿಂದ ರಿಟೈರ್ ಆದ ಮೇಲೂ ಚರ್ಚಿನ ಮಾಡಿನ ಹಂಚು ತಟ್ಟಿ ಸ್ವರ ಕೇಳಿಯೇ ಒಡೆದದ್ದು ಹೇಳ್ತಿದ್ರು

(ಪೇತ್ರ ಅಂದ್ರೆ ಯೇಸುವಿನ ಶಿಷ್ಯ, ಹುಂಜ ಕೂಗುವ ಮೊದಲು ಯೇಸು ಯಾರಂತಲೇ ಗೊತ್ತಿಲ್ಲ ಅಂದವನು ಅಂತ ಬೈಬಲಲ್ಲಿ ಉಂಟು.)

ಹುಬ್ಬಳ್ಳಿ ಮಾವ: ಬಾಸೆಲ್ ಮಿಶನ್ನವ್ರ ಹಂಚಿನ ಫ್ಯಾಕ್ಟರಿ ಶುರು ಆಗಿದ್ದ 1865ರಾಗ ಹೌದಲ್ಲ, ಮಂಗಳೂರಾಗ?

ದೊಡ್ಡಪ್ಪ: ಹೌದು. ಮಿಶನರಿಗಳು ಬಂದದ್ದು 1834. ಅವರು ಜಿಎಸ್‌ಟಿ ಕಟ್ಟಿದ್ರಾ?

ಬೆಂಗಳೂರು ಅಣ್ಣ: ಈಗ ನೀವೂ ಕಟ್ಟಬೇಕಾಗಿಲ್ಲ ಅಂತಾನೇ ನಾನು ಆಗಿನಿಂದ ಹೇಳ್ತಿರೋದು!!

ದೊಡ್ಡಪ್ಪ: ಧ್ವನಿ ಏರಿಸ್ಬೇಡ

ಬೆಂಗಳೂರು ಅಣ್ಣ: ಟೈಪ್ ಮಾಡ್ತಿದ್ದೀನಿ ದೊಡ್ಡಪ್ಪ

ಚಿಕ್ಕಮ್ಮ ಒಬ್ಬರೇ ಇಡೀ ಗ್ರೂಪಲ್ಲಿ ಕೆಲಸದ ಪ್ರಶ್ನೆ ಕೇಳಿದ್ದು ಅಂತ ನನ್ನ ಅಭಿಪ್ರಾಯ.

ಚಿಕ್ಕಮ್ಮ: ನಾನು ನಿಂಬೆಹಣ್ಣಿಗೆ 2,500 ಕೊಟ್ಟೆ ನೆನಪುಂಟಾ, ಅದು ದಾನವಾ ಖರೀದಿಯಾ? 80ಜಿಯಲ್ಲಿ ದಾನ ಅಂತ ತೋರಿಸಿ ಇನ್‌ಕಮ್ ಟ್ಯಾಕ್ಸ್ ಕಮ್ಮಿ ಮಾಡ್ಲಿಕ್ಕೆ ಆಗ್ತದಾ?

ಬೆಂಗಳೂರು ಅಣ್ಣ: ಇಲ್ಲ. ಕ್ಯಾಶ್ ಕೊಟ್ರೆ 2,000 ದಾಟಿದ ದಾನಕ್ಕೆ 80ಜಿ ಸಿಗಲ್ಲ. ಮೇಲಾಗಿ ನಮ್ಮ ಸಭೆಗೆ 80ಜಿ ಇಲ್ಲ. ಅದಕ್ಕೂ ಮೇಲಾಗಿ ನೀವು ನಿಂಬೆಹಣ್ಣು ಮನೆಗೆ ತಗೊಂಡು ಹೋಗಿದ್ದೀರ

ಚಿಕ್ಕಮ್ಮ: ಉಪ್ಪಿನಕಾಯಿಗೂ ಸಾಕಾಗ್ಲಿಲ್ಲ ಅದು

ಚಿಕ್ಕಪ್ಪ: ಹೆಂಡತಿ 2,500 ಕೊಟ್ಟದ್ದು ನನಗೆ ಇವತ್ತು ಗೊತ್ತಾದದ್ದು. 500 ಅಂದಿದ್ದಳು

ದೊಡ್ಡಪ್ಪ: ನೋಡಿದೆಯಾ, ಅದು ನಿಜವಾದ ಎಡಗೈ ಬಲಗೈ 😄

ಚಿಕ್ಕಮ್ಮ: ಭಾವ ಸರಿಯಾಗಿ ಹೇಳಿದ್ರು

ನಾನು ನೋಡಿದ ಹಾಗೆ ದೊಡ್ಡಪ್ಪ ಚಿಕ್ಕಪ್ಪ ಒಂದೇ ಮಾತಿಗೆ ನಕ್ಕದ್ದು ಸೌತೆಯ ನಂತರ ಇದೇ ಮೊದಲು. ಅಷ್ಟರಲ್ಲಿ ದುಬೈಯವನಿಗೆ ಉಮೇದು ಬಂತು.

ದುಬೈ ತಮ್ಮ: ಈ ಸಲ ಅತ್ತೆ ಕೇಕಿಗೆ ನನ್ನದು ಇಲ್ಲಿಂದಲೇ 1,000, ಬರೆದುಕೊಳ್ಳಿ

ಹುಬ್ಬಳ್ಳಿ ಮಾವ: 1,100

ಮಂಗಳೂರು ಅತ್ತೆ: ಕೇಕು ಇನ್ನೂ ಮಾಡ್ಲಿಲ್ಲ

ಚಿಕ್ಕಪ್ಪ: 1,500, ಉಬ್ಬಿದ್ರೆ

ಮಂಗಳೂರು ಅತ್ತೆ: ಹಾಗಾದ್ರೆ ನೀನೇ 😡

ದೊಡ್ಡಪ್ಪ: 2,000. ಉಬ್ಬದಿದ್ದರೂ. ಸಂತೋಷದಿಂದ ಕೊಡುವವನನ್ನು ದೇವರು ಪ್ರೀತಿಸ್ತಾನೆ, 2 ಕೊರಿಂಥ 9:7

ಬೆಂಗಳೂರು ಅಣ್ಣ: 2,100. ದಯವಿಟ್ಟು ಎಲ್ಲರೂ ಜಿಪೇ ಮಾಡಿ, ಖಜಾಂಚಿ ರಸೀದಿ ಕೊಡ್ತಾರೆ, ಕವರ್ ಬೇಡ

ದೊಡ್ಡಪ್ಪ: ಕವರಿನ ವಿಷಯ ನನಗೆ ಹೇಳಿದ್ದಾ?

ಬೆಂಗಳೂರು ಅಣ್ಣ: ಜನರಲ್ ಆಗಿ ಹೇಳಿದ್ದು

ಚಿಕ್ಕಪ್ಪ: 2,200, ಮತ್ತೆ ನಮ್ಮಲ್ಲಿ ಒಬ್ಬರು 3,200 ಬಾಕಿ