ಗಡಿಯಾರದ ಗೋಪುರಕ್ಕೆ ಸಿಡಿಲು ಹೊಡೆದ ಮೇಲೆ

ಸಾಲಗಾಮೆ ರಸ್ತೆ:
ಭಾನುವಾರ ಹಾಸನದ ನಮ್ಮ ಮನೆ ಮಹಡಿ ಮೇಲೆ ಹದಿನಾಲ್ಕು ಜನ ಕೂತು ‘ಬ್ಯಾಕ್ ಟು ದಿ ಫ್ಯೂಚರ್’ ನೋಡಿದ್ವಿ. 1985ರ ಸಿನಿಮಾ, ರಾಬರ್ಟ್ ಜೆಮೆಕಿಸ್ ನಿರ್ದೇಶನ. ನೋಡದವರಿಗೆ ಎರಡು ಮಾತಲ್ಲಿ ಕಥೆ: ಮಾರ್ಟಿ ಅನ್ನೋ ಹುಡುಗ, ಡಾಕ್ ಬ್ರೌನ್ ಅನ್ನೋ ವಿಜ್ಞಾನಿ ಕಾರಿನಲ್ಲೇ ಕಟ್ಟಿದ ಕಾಲಯಂತ್ರ ಹತ್ತಿ 1955ಕ್ಕೆ ಹೋಗಿಬಿಡ್ತಾನೆ. ಅಲ್ಲಿ ಅವನ ಅಪ್ಪ ಅಮ್ಮ ಇನ್ನೂ ಹೈಸ್ಕೂಲು. ಅವರಿಬ್ಬರು ಹತ್ತಿರವಾಗಬೇಕಿದ್ದ ಗಳಿಗೆಗೆ ಇವನು ಅಡ್ಡ ಬಂದು, ಅಮ್ಮನ ಮನಸ್ಸು ಇವನ ಕಡೆಗೇ ತಿರುಗುತ್ತೆ. ಅವರನ್ನ ಜೋಡಿ ಮಾಡದಿದ್ರೆ ಇವನು ಹುಟ್ಟೋದೇ ಇಲ್ಲ. ವಾಪಸ್ ಬರೋಕೆ ಯಂತ್ರದ ಇಂಧನ ಪ್ಲುಟೋನಿಯಂ ಅಲ್ಲಿ ಇಲ್ಲ, ಊರ ಗಡಿಯಾರದ ಗೋಪುರಕ್ಕೆ ಹೊಡೆಯೋ ಸಿಡಿಲೊಂದೇ ದಾರಿ.

ಅವತ್ತು ಮಾತು ಅರ್ಧಕ್ಕೆ ನಿಂತಿತ್ತು, ಇಲ್ಲಿ ನಮ್ಮ ನಮ್ಮ ಅಡ್ಡಹೆಸರಲ್ಲೇ ಬರೆದು ಮುಂದುವರಿಸೋಣ. ಇಂಥ ಬಿಗಿಯಾದ ಚಿತ್ರಕಥೆ ನಾನು ಇನ್ನೊಂದು ನೋಡಿಲ್ಲ. ಗಡಿಯಾರ ಉಳಿಸೋಕೆ ಚಂದಾ ಕೇಳೋ ಹೆಂಗಸು ಶುರುವಿನಲ್ಲಿ ಕೈಗೆ ತುರುಕೋ ಕರಪತ್ರ ಯಾರ ಲೆಕ್ಕಕ್ಕೂ ಬರಲ್ಲ. ಅದರ ಹಿಂದೆ ಗೆಳತಿ ಫೋನ್ ನಂಬರ್ ಬರೆದುಕೊಟ್ಟಿದ್ದಕ್ಕೆ ಜೇಬಲ್ಲಿ ಉಳಿಯುತ್ತೆ. ಸಿಡಿಲು ರಾತ್ರಿ 10:04ಕ್ಕೆ ಹೊಡೀತು ಅನ್ನೋದು ಅದೇ ಕಾಗದದಿಂದ ಗೊತ್ತಾಗೋದು.

ಮೂಡಿಗೆರೆ ತೋಟ:
ಆ ಸಿಡಿಲಿನ ಭಾಗ ನಾನು ಕುರ್ಚಿ ತುದೀಲಿ ಕೂತು ನೋಡಿದೆ. ಹೂ ಮಳೆ ಟೈಮಲ್ಲಿ ಗುಡುಗು ಶುರುವಾದ್ರೆ ನಮ್ಮಲ್ಲಿ ಮೊದಲು ಆಳುಗಳನ್ನ ತೋಟದಿಂದ ಈಚೆಗೆ ಕರೀತೀವಿ. ಹೋದ ವರ್ಷ ಮನೆ ಹಿಂದಿನ ಸಿಲ್ವರ್ ಮರ ತುದಿಯಿಂದ ಬುಡದ ತನಕ ಸೀಳಿಹೋಯ್ತು, ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟು ನಾಲ್ಕು ದಿನ ಕತ್ತಲು. ನಮಗೆ ಸಿಡಿಲು ಅಂದ್ರೆ ಎಲ್ಲಿ, ಯಾವಾಗ ಅಂತ ಗೊತ್ತಿಲ್ಲದ್ದೇ ಭಯ. ಇಲ್ಲಿ ಒಂದು ಸಿಡಿಲಿನ ಜಾಗ, ನಿಮಿಷ ಎರಡೂ ಗೊತ್ತು. ಅದನ್ನ ಕಾದು ಕೂರ್ತಾರೆ! ಈ ಒಂದು ಐಡಿಯಾಗೇ ಕೈ ಮುಗಿಯಬೇಕು. ಆದ್ರೆ ಕಾಲಯಂತ್ರಕ್ಕೆ 1.21 ಗಿಗಾವ್ಯಾಟ್ ವಿದ್ಯುತ್ ಬೇಕು, ಅದು ಸಿಡಿಲಿಂದ ಸಿಗುತ್ತೆ ಅನ್ನೋ ಡಾಕ್ ಲೆಕ್ಕ ನಿಜಾನಾ? ಬಲ್ಲವರು ಹೇಳಿ.

ಸಾಲಗಾಮೆ ರಸ್ತೆ:
ಅಕ್ಕ, 1.21 ಗಿಗಾವ್ಯಾಟ್ ಅಂದ್ರೆ 1,210 ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರ ಒಟ್ಟಿಗೆ ತಿರುಗಿದ್ರೂ 1,035. ಆದ್ರೆ ಸಿಡಿಲಿಗೆ ಅದು ದೊಡ್ಡದಲ್ಲ, ಕಣ್ಣು ಮಿಟುಕಿಸೋದರೊಳಗೆ ಅದಕ್ಕಿಂತ ಎಷ್ಟೋ ಪಟ್ಟು ಮೇಲೆ ಹೋಗುತ್ತೆ. ಒಟ್ಟು ಶಕ್ತಿ ಮಾತ್ರ ಕಡಿಮೆ. ಒಂದು ಸಿಡಿಲಿಗೆ ಸುಮಾರು ನೂರು ಕೋಟಿ ಜೂಲ್ ಅಂತಾರೆ, ನಮ್ಮ ಮೀಟರ್ ಲೆಕ್ಕದಲ್ಲಿ 280 ಯೂನಿಟ್ ಆಸುಪಾಸು. ಒಂದು ಮನೆಗೆ ಎರಡು ಮೂರು ತಿಂಗಳಿಗೆ ಬರಬಹುದು, ಅಷ್ಟೆ. ಕ್ಷಣಮಾತ್ರಕ್ಕೆ ಭಾರಿ ಪವರ್ ಬೇಕಾದ ಯಂತ್ರಕ್ಕೆ ಸಿಡಿಲು ಅನ್ನೋ ಆಯ್ಕೆ ಸರಿಯಾಗೇ ಇದೆ. ಗೋಪುರದಿಂದ ಎಳೆದ ತಂತಿಯ ಕೆಳಗೆ ಕಾರು, ಕಾಲ ದಾಟೋಕೆ ಬೇಕಾದ ವೇಗ ಗಂಟೆಗೆ 88 ಮೈಲಿ, ಅಂದ್ರೆ 141 ಕಿಲೋಮೀಟರ್ ಮೇಲೆ, ಅದೇ ಕ್ಷಣಕ್ಕೆ ತಲುಪೋದು ಮಾತ್ರ ಸಿನಿಮಾದ ಧೈರ್ಯ.

ಅರಸೀಕೆರೆ ಪ್ಯಾಸೆಂಜರ್:
ಮೊದಲು ಬರೆದ ಕಥೇಲಿ ಸಿಡಿಲೇ ಇರಲಿಲ್ಲ ಗೊತ್ತಾ? ಕಾಲಯಂತ್ರ ಒಂದು ಫ್ರಿಜ್ಜು, ಅದನ್ನ ಅಣುಬಾಂಬ್ ಪರೀಕ್ಷೆ ನಡೆಯೋ ಜಾಗಕ್ಕೆ ಹೊತ್ತುಕೊಂಡು ಹೋಗಬೇಕಿತ್ತು. ಖರ್ಚು ಜಾಸ್ತಿ ಅಂತ ಬಿಟ್ಟರು. ಹಾಗಾಗಿ ಕೊನೆಯ ದೃಶ್ಯವೂ ಊರ ಚೌಕದಲ್ಲೇ ಆಯ್ತು. ದುಡ್ಡಿಲ್ಲದ್ದಕ್ಕೇ ಸಿನಿಮಾ ಚೆನ್ನಾಗಿ ಆದ ಉದಾಹರಣೆ ಇದು. ಕನ್ನಡದಲ್ಲಿ ಸೈನ್ಸ್ ಫಿಕ್ಷನ್ ಮಾಡೋಕೆ ಬಜೆಟ್ ಇಲ್ಲ ಅನ್ನೋರು ಇದನ್ನ ನೋಡಬೇಕು. ಒಂದು ಊರು, ಒಂದು ಕಾರು, ಒಂದು ಗಡಿಯಾರ.

ನಿವೃತ್ತ ಮೇಷ್ಟ್ರು:
ಚಿತ್ರಕಥೆಯ ಬಿಗಿಯ ಬಗ್ಗೆ ನನ್ನದೂ ಒಪ್ಪಿಗೆ ಇದೆ. ನನ್ನ ತಕರಾರು ಕೊನೆಯ ಹತ್ತು ನಿಮಿಷದ್ದು. ಹುಡುಗ ಮರಳಿ ಬಂದಾಗ ಮನೆಯಲ್ಲಿ ಏನು ಬದಲಾಗಿದೆ? ಸೋಫಾ ಹೊಸದು. ಅಣ್ಣ ಸೂಟು ತೊಟ್ಟಿದ್ದಾನೆ. ಅಮ್ಮ ತೆಳ್ಳಗಾಗಿದ್ದಾಳೆ. ಹುಡುಗ ಆಸೆಪಟ್ಟಿದ್ದ ಗಾಡಿ ಗ್ಯಾರೇಜಿನಲ್ಲಿ ನಿಂತಿದೆ. 1955ರಲ್ಲಿ ಅಪ್ಪ ಪುಂಡನೊಬ್ಬನಿಗೆ ಒಂದು ಏಟು ಹೊಡೆಯುವುದನ್ನು ಕಲಿತದ್ದಕ್ಕೆ ಇಷ್ಟೂ ಬಹುಮಾನ. ಮೊದಲಿನ ಅಪ್ಪ ಪುಕ್ಕಲ, ನಿಜ. ಆದರೆ ಒಳಗೊಳಗೇ ವೈಜ್ಞಾನಿಕ ಕಥೆ ಬರೆದು ಯಾರಿಗೂ ತೋರಿಸದೆ ಇಟ್ಟುಕೊಳ್ಳುತ್ತಿದ್ದ ಹುಡುಗ ಅವನು. ಕೊನೆಯಲ್ಲಿ ಅವನ ಮೊದಲ ಕಾದಂಬರಿ ಅಚ್ಚಾಗಿ ಬರುತ್ತದೆ. ಆ ಪುಸ್ತಕಗಳು ಬಂದ ಪೆಟ್ಟಿಗೆಯನ್ನು ಬಿಚ್ಚುವುದನ್ನಷ್ಟೇ ತೋರಿಸಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಅಪ್ಪನ ಪಾತ್ರ ಮಾಡಿದ ಕ್ರಿಸ್ಪಿನ್ ಗ್ಲೋವರ್ ಕೂಡ ಈ ದುಡ್ಡಿನ ಬಹುಮಾನಕ್ಕೆ ತನ್ನ ವಿರೋಧವಿತ್ತು ಎಂದು ಸಂದರ್ಶನಗಳಲ್ಲಿ ಹೇಳಿದ್ದಾರೆ.

ಅರಸೀಕೆರೆ ಪ್ಯಾಸೆಂಜರ್:
ಮೇಷ್ಟ್ರೇ, ನಗಿಸೋ ಸಿನಿಮಾ ಸುಖವಾಗಿ ಮುಗೀಬಾರದಾ? ಬಾಡಿಗೆ ಮನೇಲಿ ಬೆಳೆದ ನನಗೆ ಆ ಗಾಡಿ ನೋಡಿ ಖುಷಿಯಾಯ್ತು. ಅದು ತಪ್ಪು ಅಂತ ನನಗೆ ಅನಿಸಲ್ಲ.

ನಿವೃತ್ತ ಮೇಷ್ಟ್ರು:
ನಿನ್ನ ಖುಷಿ ತಪ್ಪಲ್ಲಪ್ಪ. ಸುಖವನ್ನು ಅಳೆಯಲು ಸಿನಿಮಾ ಹಿಡಿದ ಸೇರು ಚಿಕ್ಕದು ಎನ್ನುತ್ತಿದ್ದೇನೆ.

ಹೇಮಾವತಿ ದಡ:
ನಾನು ಅಮ್ಮನ ಜೊತೆ ಬಂದಿದ್ದೆ, ಅವರಿಗೆ ಅರವತ್ತೆಂಟು. 1985ರ ತಾಯಿ ‘ನಾನು ಹುಡುಗರ ಹಿಂದೆ ಹೋದವಳೇ ಅಲ್ಲ’ ಅಂತ ಮಕ್ಕಳಿಗೆ ಬುದ್ಧಿ ಹೇಳ್ತಾಳಲ್ಲ, 1955ರಲ್ಲಿ ಅವಳೇ ಕದ್ದು ಸಿಗರೇಟು ಸೇದ್ತಾಳೆ, ಹುಡುಗನ ಮೇಲೆ ತಾನೇ ಬೀಳ್ತಾಳೆ. ಅಮ್ಮ ಅಲ್ಲಿ ನಕ್ಕಷ್ಟು ಯಾರೂ ನಗಲಿಲ್ಲ. ವಾಪಸ್ ಬರೋವಾಗ ಆಟೋದಲ್ಲಿ ತಮ್ಮ ಹಾಸ್ಟೆಲ್ ದಿನದ ಮಾತು ತೆಗೆದರು. ಈ ವಯಸ್ಸಿನ ತನಕ ನಾನು ಕೇಳದೇ ಇದ್ದ ಮಾತುಗಳು. ಈ ಸಿನಿಮಾದ ನಿಜವಾದ ಶಕ್ತಿ ಇದೇ ಅಂತ ನನಗನಿಸುತ್ತೆ. ಕಥೆ ಬರೆದವರಲ್ಲಿ ಒಬ್ಬರಾದ ಬಾಬ್ ಗೇಲ್‌ಗೆ ಇದು ಹೊಳೆದದ್ದೂ ತಂದೆಯ ಹಳೇ ಸ್ಕೂಲಿನ ವಾರ್ಷಿಕ ಪುಸ್ತಕದಲ್ಲಿ ಅವರ ಫೋಟೊ ನೋಡಿದಾಗ. ನಾವಿಬ್ರೂ ಒಂದೇ ಕ್ಲಾಸಲ್ಲಿ ಇದ್ದಿದ್ರೆ ಸ್ನೇಹಿತರಾಗ್ತಿದ್ವಾ ಅನ್ನೋ ಪ್ರಶ್ನೆ.

ಆದ್ರೆ ಅದೇ ಅಮ್ಮ ಕಾರಿನ ದೃಶ್ಯ ಬಂದಾಗ ಮುಖ ತಿರುಗಿಸಿದರು. ಬಿಫ್ ಅನ್ನೋ ಪುಂಡ ಮಾರ್ಟಿಯ ಅಮ್ಮ ಆಗಬೇಕಾದ ಆ ಹುಡುಗಿ ಮೇಲೆ ಬಲಾತ್ಕಾರಕ್ಕೆ ಹೋಗ್ತಾನೆ. ಅಪ್ಪ ಆಗಬೇಕಾದವನು ಏಟು ಹೊಡೀತಾನೆ, ಎಲ್ಲರೂ ಕೇಕೆ ಹಾಕ್ತೀವಿ. ಮೂವತ್ತು ವರ್ಷ ಆದ್ಮೇಲೆ ಅದೇ ಬಿಫ್ ಅವರ ಮನೆ ಮುಂದೆ ಕಾರಿಗೆ ಪಾಲಿಶ್ ಹಚ್ಚುತ್ತಾ ನಗ್ತಿರ್ತಾನೆ. ಅಮ್ಮ ಕೇಳಿದ್ದು ಒಂದೇ: ‘ಅವನನ್ನ ಅಂಗಳಕ್ಕೆ ಬಿಟ್ಟುಕೊಳ್ಳೋವಾಗ ಆ ಹುಡುಗೀನ ಯಾರಾದ್ರೂ ಕೇಳಿದ್ರಾ?’ ನನ್ನ ಹತ್ರ ಉತ್ತರ ಇಲ್ಲ. ಗೆದ್ದದ್ದು, ಸೋತದ್ದು ಇಬ್ಬರು ಗಂಡಸರು. ಅವಳ ಭಯ ಎಲ್ಲಿ ಹೋಯ್ತು ಅಂತ ಸಿನಿಮಾ ತಿರುಗಿ ನೋಡಲ್ಲ.

ಮೂಡಿಗೆರೆ ತೋಟ:
ಇದು ನನಗೆ ಹೊಳೆದಿರಲಿಲ್ಲ. ನಾನೂ ಅಲ್ಲಿ ಕೇಕೆ ಹಾಕಿದೆ. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಸಾಲಗಾಮೆ ರಸ್ತೆ:
ಒಪ್ಪಿದೆ. ಪ್ಲುಟೋನಿಯಂ ಹುಡುಕಿಕೊಂಡು ಬರೋ ಲಿಬಿಯಾದ ಬಂದೂಕುಧಾರಿಗಳನ್ನೂ ತಕರಾರಿನ ಪಟ್ಟಿಗೆ ಸೇರಿಸಿ, ಬರೇ ವ್ಯಂಗ್ಯಚಿತ್ರದ ವಿಲನ್‌ಗಳು.

ನಿವೃತ್ತ ಮೇಷ್ಟ್ರು:
ಇನ್ನೊಂದು. ನೃತ್ಯಕೂಟದಲ್ಲಿ ಮಾರ್ಟಿ ಗಿಟಾರ್ ಹಿಡಿದು ಕಪ್ಪು ಜನಾಂಗದ ರಾಕ್ ಗಾಯಕ ಚಕ್ ಬೆರ್ರಿಯ 1958ರ ಹಾಡನ್ನು ಮೂರು ವರ್ಷ ಮೊದಲೇ ನುಡಿಸುತ್ತಾನೆ. ವಾದ್ಯದವನೊಬ್ಬ ಬೆರ್ರಿಗೇ ಫೋನು ಮಾಡಿ ‘ನೀನು ಹುಡುಕುತ್ತಿದ್ದ ಹೊಸ ಧಾಟಿ ಇದೇ, ಕೇಳು’ ಎನ್ನುತ್ತಾನೆ. ಕಪ್ಪು ಜನರು ಬೆವರು ಸುರಿಸಿ ಕಟ್ಟಿದ ಸಂಗೀತ ಬಿಳಿಯ ಹುಡುಗನಿಂದ ಕೇಳಿ ಕಲಿತದ್ದು ಎಂದಾಗಲಿಲ್ಲವೇ?

ಅರಸೀಕೆರೆ ಪ್ಯಾಸೆಂಜರ್:
ಆದ್ರೆ ಮಾರ್ಟಿ ಕಲಿತದ್ದೂ ಬೆರ್ರಿ ಹಾಡು ಕೇಳೇ ಅಲ್ವಾ ಸಾರ್. ಅದು ಸುತ್ತು, ಶುರು ಎಲ್ಲಿ ಅಂತ ಹೇಳೋಕಾಗಲ್ಲ. ಕಾಲಯಾನದ ತಮಾಷೆನೇ ಅದು.

ಹೇಮಾವತಿ ದಡ:
ಸುತ್ತು ಅಂದ್ಬಿಟ್ರೆ ಕಟ್ಟಿದವರ ಹೆಸರೇ ಅಳಿಸಿಹೋಗುತ್ತೆ ತಮ್ಮಾ. ನಮ್ಮ ಕಡೆ ಸೋಬಾನೆ ಹಾಡಿದ ಅಜ್ಜಿಯರ ಪದ ಕ್ಯಾಸೆಟ್ ಮೇಲೆ ಬೇರೆಯವರ ಹೆಸರಲ್ಲಿ ಬಂದಾಗ ನಮಗೆ ಹೇಗೆ ಉರೀತು? ಇದೂ ಹಾಗೇ.

ಅರಸೀಕೆರೆ ಪ್ಯಾಸೆಂಜರ್:
ಸರಿ ಅಕ್ಕ, ಆ ಮಾತು ತಟ್ಟಿತು. ದೃಶ್ಯ ಮಾತ್ರ ನನಗೆ ಈಗಲೂ ಇಷ್ಟ, ಸುಳ್ಳು ಹೇಳಲ್ಲ.

ಮೂಡಿಗೆರೆ ತೋಟ:
ನನ್ನನ್ನ ಕಾಡ್ತಿರೋದು ಬೇರೆ. ಹೊಸ ಮನೇಲಿ, ಧೈರ್ಯದ ಅಪ್ಪನ ಜೊತೆ ಬೆಳೆದ ಒಬ್ಬ ಮಾರ್ಟಿ ಇದ್ದಿರಬೇಕಲ್ಲ? ಅವನು ಎಲ್ಲಿಗೆ ಹೋದ? ಇವನಿಗೆ ಈ ಹೊಸ ಅಪ್ಪ ಅಮ್ಮನ ಜೊತೆಗಿನ ಒಂದು ಹಬ್ಬವೂ ನೆನಪಿಲ್ಲ, ಅವರಿಗೆ ಇವನು ಕಂಡ ಹಳೇ ಮನೆಯ ಕಷ್ಟ ಗೊತ್ತಿಲ್ಲ. ನನಗೆ ಕೊನೇಲಿ ನಗು ಬರಲಿಲ್ಲ, ಆ ಹುಡುಗ ಸ್ವಂತ ಮನೇಲೇ ನೆಂಟ ಆದ ಅನಿಸ್ತು.

ನಿವೃತ್ತ ಮೇಷ್ಟ್ರು:
ನಾನು ದುಡ್ಡು ದುಡ್ಡು ಎಂದು ಹೇಳುತ್ತಿದ್ದುದರ ಹಿಂದೆ ಇದೇ ಇತ್ತು ತಾಯಿ. ಕಳೆದುಕೊಂಡದ್ದರ ಲೆಕ್ಕ ಸಿನಿಮಾದಲ್ಲಿ ಎಲ್ಲಿಯೂ ಇಲ್ಲ.

ಅರಸೀಕೆರೆ ಪ್ಯಾಸೆಂಜರ್:
ಇದೆ ಸಾರ್! ನಿನ್ನೆ ರಾತ್ರಿ ಮತ್ತೆ ನೋಡಿದೆ. ಡಾಕ್ ಮೊದಲ ಸಲ ಕಾರು ತೋರಿಸೋ ಮಾಲ್ ಹೆಸರು ‘ಟ್ವಿನ್ ಪೈನ್ಸ್’, ಅವಳಿ ಪೈನ್ ಮರ. 1955ರಲ್ಲಿ ಅದೇ ಜಾಗ ಒಬ್ಬ ರೈತನ ಹೊಲ, ಮಾರ್ಟಿ ಗಾಬರೀಲಿ ಕಾರು ಓಡಿಸಿ ಒಂದು ಪೈನ್ ಸಸಿ ಬೀಳಿಸ್ತಾನೆ. ವಾಪಸ್ ಬಂದಾಗ ಬೋರ್ಡಿನ ಮೇಲೆ ‘ಲೋನ್ ಪೈನ್’, ಒಂಟಿ ಮರ. ಯಾರೂ ಅದರ ಬಗ್ಗೆ ಮಾತೇ ಆಡಲ್ಲ. ಕಳೆದದ್ದನ್ನ ಬರೆದಿಟ್ಟಿದ್ದಾರೆ ಅಲ್ವಾ?

ಮೂಡಿಗೆರೆ ತೋಟ:
ಬರೆದಿದ್ದಾರೆ, ಚೆನ್ನಾಗಿ ಕಂಡುಹಿಡಿದೆ. ಆದ್ರೆ ಆ ಬೋರ್ಡು ಕಾಣೋದು ನಮಗೆ. ಹುಡುಗ ಅದರ ಪಕ್ಕದಲ್ಲೇ ಓಡಿಹೋಗ್ತಾನೆ, ತಲೆ ಎತ್ತಿ ನೋಡಲ್ಲ.