ಸಹಾಯ ಬೇಕು: ರೋಮ್ ಸಾಮ್ರಾಜ್ಯದ ಗೆರೆಯನ್ನು ಎಲ್ಲಿ ನಿಲ್ಲಿಸಲಿ?

ಸಾಮ್ರಾಜ್ಯಗಳ ಏಳುಬೀಳಿನ ಕಾಲರೇಖೆ ಬರೆಯುತ್ತಿದ್ದೇನೆ. ರೋಮ್ ಬಳಿ ಬಂದು ಮೂರು ದಿನಗಳಿಂದ ಕೈ ಓಡುತ್ತಿಲ್ಲ. ಮೊದಲು ಗೆರೆಯನ್ನು ಕ್ರಿ.ಶ. 476ಕ್ಕೆ ನಿಲ್ಲಿಸಿದೆ, ಜರ್ಮನಿಕ್ ಸೇನಾನಾಯಕ ಓಡೋಸರ್ ಪಶ್ಚಿಮ ರೋಮ್‌ನ ಎಳೆಯ ಚಕ್ರವರ್ತಿ ರೊಮುಲಸ್ ಅಗಸ್ಟುಲಸ್‌ನನ್ನು ಕೆಳಗಿಳಿಸಿದ ವರ್ಷ ಅದು. ಆದರೆ ಸಾಮ್ರಾಜ್ಯದ ಪೂರ್ವಭಾಗ ಆಮೇಲೂ ಉಳಿಯಿತು; ಅದರ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲ್‌ನವರು (ಇಂದಿನ ಇಸ್ತಾಂಬುಲ್) ಕೊನೆಯವರೆಗೂ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. ಈ ಪೂರ್ವ ರಾಜ್ಯಕ್ಕೆ ‘ಬೈಜಾಂಟೈನ್’ ಎಂಬ ಹೆಸರು ವಿದ್ವಾಂಸರಲ್ಲಿ ರೂಢಿಯಾದದ್ದು ಆ ರಾಜ್ಯ ಅಳಿದ ಮೇಲೆ! ಅವರ ಹೆಸರನ್ನೇ ಕಿತ್ತುಕೊಳ್ಳುವುದು ನನಗೆ ಅನ್ಯಾಯವೆನಿಸಿತು. ಹಾಗಾಗಿ ಒಟ್ಟೋಮನ್ ಸುಲ್ತಾನ ಎರಡನೇ ಮೆಹಮದ್ ಆ ನಗರವನ್ನು ಗೆದ್ದ 1453ರವರೆಗೂ ಗೆರೆ ಎಳೆದೆ.

ಈಗ 1204 ಅಡ್ಡ ಬಂದಿದೆ. ಆ ವರ್ಷ ನಾಲ್ಕನೇ ಕ್ರುಸೇಡಿನ (ಪಶ್ಚಿಮ ಯುರೋಪಿನ ಕ್ರೈಸ್ತರ ಧರ್ಮಯುದ್ಧ) ಸೈನಿಕರು ರಾಜಧಾನಿಯನ್ನು ಕಸಿದುಕೊಂಡರು. ಇಂದಿನ ಟರ್ಕಿಯಲ್ಲಿರುವ ನೈಸಿಯಾ ನಗರದಲ್ಲಿ ನೆಲೆಯೂರಿದ ಗ್ರೀಕ್ ಅರಸರು ಅದನ್ನು ಮರಳಿ ಪಡೆದದ್ದು 1261ರಲ್ಲಿ. ಈ 57 ವರ್ಷ ಗೆರೆಯನ್ನು ತುಂಡರಿಸಬೇಕೇ, ನೈಸಿಯಾದ ಮೂಲಕ ಮುಂದುವರಿಸಬೇಕೇ? ಯಾವ ಆಧಾರದ ಮೇಲೆ?