ಆರ್‌ಎಫ್ ಆಂಪ್ಲಿಫೈಯರ್‌ನ ಡಿಸ್ಟಾರ್ಷನ್: ಚಿಪ್ ಬದಲಿಸುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ: 2.4 ಗಿಗಾಹರ್ಟ್ಸ್ ವೈ-ಫೈ ಸಾಧನವೊಂದಕ್ಕೆ ಪವರ್ ಆಂಪ್ಲಿಫೈಯರ್ (ಆರ್‌ಎಫ್, ಅಂದರೆ ರೇಡಿಯೊ ಸಿಗ್ನಲ್‌ನ ಬಲ ಹೆಚ್ಚಿಸುವ) ಬೋರ್ಡ್ ಮಾಡಿದ್ದೇನೆ. 15 ಡಿಬಿಎಂ (1 ಮಿಲಿವಾಟ್‌ಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಪವರ್) ತನಕ ಹಸುವಿನಂತೆ ಸಾಧು. 20 ಮುಟ್ಟಿಸಿದರೆ ಸಿಗ್ನಲ್ ಪಕ್ಕದ ಚಾನೆಲ್‌ಗೆ ಹರಡುತ್ತದೆ, ಇವಿಎಂ (ಸಿಗ್ನಲ್ ಇರಬೇಕಾದ ರೂಪದಿಂದ ಎಷ್ಟು ತಪ್ಪಿದೆ ಎಂಬ ಅಳತೆ) ಕೆಡುತ್ತದೆ. ದೊಡ್ಡ ಚಿಪ್ ಹಾಕಲೇ, ಡಿಜಿಟಲ್ ಪ್ರೀಡಿಸ್ಟಾರ್ಷನ್‌ಗೆ (ಆಂಪ್ಲಿಫೈಯರ್ ಕೆಡಿಸುವುದಕ್ಕೆ ತದ್ವಿರುದ್ಧವಾಗಿ ಸಿಗ್ನಲ್ ಅನ್ನು ಮೊದಲೇ ತಿರುಚುವುದಕ್ಕೆ) ಕೈ ಹಾಕಲೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಒಬ್ಬರು: ಮೊದಲು ಅಳತೆಯನ್ನೇ ಅನುಮಾನಿಸಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಪ್ರಸಂಗದಲ್ಲಿ ನೆಲವೇ ಡೊಂಕಾಗಿತ್ತು. ಮೂರು ದಿನ ಬಯಸ್ (ಚಿಪ್‌ಗೆ ಸಿಗ್ನಲ್ ಇಲ್ಲದಾಗಲೂ ಕೊಡುವ ಸ್ಥಿರ ಕರೆಂಟ್) ತಿರುವುತ್ತ ಕುಳಿತಿದ್ದೆ, ಡಿಸ್ಟಾರ್ಷನ್ (ಸಿಗ್ನಲ್‌ನ ವಿಕೃತಿ) ಹುಟ್ಟುತ್ತಿದ್ದುದು ಅಳೆಯುವ ಉಪಕರಣವಾದ ಸ್ಪೆಕ್ಟ್ರಮ್ ಅನಲೈಸರ್‌ನ ಒಳಗಿನ ಮಿಕ್ಸರ್‌ನಲ್ಲಿ! ಅನಲೈಸರ್‌ನ ಅಟೆನ್ಯುಯೇಟರ್ (ಒಳಬರುವ ಸಿಗ್ನಲ್ ತಗ್ಗಿಸುವ ಭಾಗ) ಅನ್ನು 10 ಡಿಬಿ ಹೆಚ್ಚಿಸಿ ನೋಡಿ. ಪರದೆಯಲ್ಲಿ ಮುಖ್ಯ ಸಿಗ್ನಲ್ ಇದ್ದಲ್ಲೇ ಇದ್ದು ಪಕ್ಕದ ಮೊನೆಗಳು ಮಾತ್ರ ಕುಸಿದರೆ, ಕುಸಿದಷ್ಟು ಪಾಲು ಉಪಕರಣದ್ದು. ಕದಲದಿದ್ದರೆ ಪಾಪ ನಿಮ್ಮ ಬೋರ್ಡಿನದೇ.

ಆಮೇಲೆ ಎರಡು ಟೋನ್ (ಒಂದೇ ಆವರ್ತನದ ಶುದ್ಧ ಸಿಗ್ನಲ್) ಪರೀಕ್ಷೆ. 2440 ಮತ್ತು 2441 ಮೆಗಾಹರ್ಟ್ಸ್ ಕೊಟ್ಟರೆ 2439 ಮತ್ತು 2442ರಲ್ಲಿ ಮೂರನೇ ದರ್ಜೆಯ ಮೊನೆಗಳು (ಒಂದು ಟೋನ್‌ನ ಎರಡರಷ್ಟರಿಂದ ಇನ್ನೊಂದನ್ನು ಕಳೆದ ಜಾಗದಲ್ಲಿ) ಏಳುತ್ತವೆ. ಇನ್‌ಪುಟ್ 1 ಡಿಬಿ ಇಳಿಸಿದರೆ ಇವು ಸುಮಾರು 3 ಡಿಬಿ ಇಳಿಯಬೇಕು. ಇಳಿಯದಿದ್ದರೆ ಆಂಪ್ಲಿಫೈಯರ್ ಆಗಲೇ ಕಂಪ್ರೆಷನ್‌ನಲ್ಲಿದೆ (ಇನ್‌ಪುಟ್ ಏರಿದಷ್ಟು ಔಟ್‌ಪುಟ್ ಏರದ ಸ್ಥಿತಿಯಲ್ಲಿದೆ) ಎಂದು ಊಹಿಸಬಹುದು. ಎರಡು ಜನರೇಟರ್‌ಗಳ ನಡುವೆ ಐಸೊಲೇಟರ್ (ಸಿಗ್ನಲ್ ಅನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಅಥವಾ ಅಟೆನ್ಯುಯೇಟರ್ ಇರಲಿ, ಇಲ್ಲವಾದರೆ ಅವೇ ಪರಸ್ಪರ ಬೆರೆತು ಸುಳ್ಳು ಮೊನೆಗಳನ್ನು ಹುಟ್ಟಿಸುತ್ತವೆ.

ಇನ್ನೊಬ್ಬರು: 20 ಡಿಬಿಎಂ ಎಂದರೆ ಸರಾಸರಿ 100 ಮಿಲಿವಾಟ್. ಆದರೆ ವೈ-ಫೈ ಬಳಸುವ ಒಎಫ್‌ಡಿಎಂ (ಹಲವು ಉಪವಾಹಕಗಳನ್ನು ಒಟ್ಟುಗೂಡಿಸಿದ) ಸಿಗ್ನಲ್ ಆಗೊಮ್ಮೆ ಈಗೊಮ್ಮೆ ಸರಾಸರಿಗಿಂತ 10 ಡಿಬಿ ಮೇಲಕ್ಕೆ ಜಿಗಿಯುತ್ತದೆ, ಅಂದರೆ 1 ವಾಟ್. ಆ ಕ್ಷಣದಲ್ಲಿ ನಿಮ್ಮ ಚಿಪ್ ಏನು ಮಾಡುತ್ತದೆ ಎಂಬುದೇ ಪ್ರಶ್ನೆ. ಬಯಸ್ ಕರೆಂಟ್ ಸ್ವಲ್ಪ ಏರಿಸಿದರೆ ಲಾಭವಿದೆ, ಬಿಸಿಯೂ ಏರುತ್ತದೆ. ಸಿಗ್ನಲ್‌ನ ಈ ಜಿಗಿತಗಳನ್ನು ಡಿಜಿಟಲ್ ಭಾಗದಲ್ಲೇ ಮೊಂಡು ಮಾಡಬಹುದು, ಅತಿಯಾದರೆ ಇವಿಎಂ ಕೆಡುತ್ತದೆ.

ನಾನು ಕಂಡ ಅಗ್ಗದ ಉಪಾಯ ಬೇರೆ. ವೈ-ಫೈನ ಡೇಟಾ ದರಗಳಲ್ಲಿ, 16-ಕ್ವಾಮ್ 3/4 (16 ಸಂಕೇತ ಸ್ಥಿತಿಗಳು, ನಾಲ್ಕರಲ್ಲಿ ಮೂರು ಬಿಟ್ ನಿಜ ಡೇಟಾ) ದರಕ್ಕೆ ಇವಿಎಂ −19 ಡಿಬಿ ಸಾಕು. 256-ಕ್ವಾಮ್ 5/6ಕ್ಕೆ −32 ಬೇಕು. ಎಲ್ಲಕ್ಕೂ ಒಂದೇ ಪವರ್ ಏಕೆ? ಕೆಳಗಿನ ದರಗಳಿಗೆ ಸ್ಪೆಕ್ಟ್ರಲ್ ಮಾಸ್ಕ್ (ಪಕ್ಕದ ಆವರ್ತನಗಳಿಗೆ ಸಿಗ್ನಲ್ ಎಷ್ಟು ಹರಡಬಹುದೆಂಬ ಮಿತಿ) ಮೀರದಷ್ಟು ಪವರ್ ಕೊಡಿ, ಮೇಲಿನವಕ್ಕೆ ಮಾತ್ರ ಇಳಿಸಿ. ಫರ್ಮ್‌ವೇರ್‌ನಲ್ಲಿ ಒಂದು ಪಟ್ಟಿ ತಿದ್ದಿದರೆ ಮುಗಿಯಿತು.

ಮತ್ತೊಬ್ಬರು: ಎಡಬಲದ ಮೊನೆಗಳು ಸಮ ಎತ್ತರದಲ್ಲಿವೆಯೇ? ಒಂದು ಬದಿ ಎತ್ತರ, ಇನ್ನೊಂದು ತಗ್ಗು ಇದ್ದು, ಟೋನ್‌ಗಳ ಅಂತರ ಬದಲಿಸಿದಂತೆ ಆ ವ್ಯತ್ಯಾಸವೂ ಬದಲಾದರೆ ಅದು ಮೆಮೊರಿ ಎಫೆಕ್ಟ್, ಅಂದರೆ ಔಟ್‌ಪುಟ್ ಮೇಲೆ ಹಿಂದಿನ ಕ್ಷಣದ ಸಿಗ್ನಲ್‌ನ ನೆರಳೂ ಬೀಳುವುದು. ಸಾಮಾನ್ಯವಾಗಿ ಬಯಸ್ ಮತ್ತು ಸಪ್ಲೈ ದಾರಿಯಲ್ಲೇ ಸಿಕ್ಕಿಬೀಳುತ್ತದೆ. 2.4 ಗಿಗಾಹರ್ಟ್ಸ್‌ಗೆಂದು ಪುಟ್ಟ ಪಿಕೊಫ್ಯಾರಡ್ ಕೆಪಾಸಿಟರ್ ಇಟ್ಟು ಸುಮ್ಮನಾಗಿರುತ್ತೇವೆ. ಆದರೆ ಸಿಗ್ನಲ್‌ನ ಏರಿಳಿತ ಕೆಲವು ಮೆಗಾಹರ್ಟ್ಸ್‌ಗಳಲ್ಲಿ ಸಪ್ಲೈಯಿಂದ ಕರೆಂಟ್ ಎಳೆಯುತ್ತದೆ. ಅಲ್ಲಿ ಆ ಪುಟ್ಟದು ಏನೂ ಮಾಡದು. ಇದನ್ನು ಸರಿಪಡಿಸದೆ ಪ್ರೀಡಿಸ್ಟಾರ್ಷನ್ ಹಾಕಬೇಡಿ. ಪ್ರೀಡಿಸ್ಟಾರ್ಷನ್‌ನ ಸರಳ ಟೇಬಲ್ (ಈ ಕ್ಷಣದ ಸಿಗ್ನಲ್ ಮಟ್ಟಕ್ಕೆ ಇಷ್ಟು ತಿದ್ದುಪಡಿ ಎಂಬ ಪಟ್ಟಿ) ಮೆಮೊರಿ ಎಫೆಕ್ಟ್ ಅನ್ನು ತಿದ್ದಲಾರದು. ಮೇಲಾಗಿ ಐದನೇ ದರ್ಜೆಯವರೆಗೆ ನೋಡಲು 20 ಮೆಗಾಹರ್ಟ್ಸ್ ಸಿಗ್ನಲ್‌ಗೆ ಸುಮಾರು 100 ಮೆಗಾಹರ್ಟ್ಸ್ ಅಗಲದ ಫೀಡ್‌ಬ್ಯಾಕ್ (ಔಟ್‌ಪುಟ್ ಅನ್ನು ಮರಳಿ ಅಳೆಯುವ ದಾರಿ) ಬೇಕಾಗುತ್ತದೆ. ಪುಟ್ಟ ಸಾಧನದಲ್ಲಿ ಅದು ದುಬಾರಿ ಬಾಬತ್ತು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಕೃತಜ್ಞತೆ. ಅಟೆನ್ಯುಯೇಟರ್ ಏರಿಸಿದೊಡನೆ ಮೊನೆಗಳು 4 ಡಿಬಿ ಕುಸಿದವು, ಅಷ್ಟು ಪಾಲು ನನ್ನ ಉಪಕರಣದ್ದೇ! ಉಳಿದದ್ದರಲ್ಲಿ ಎಡಕ್ಕಿಂತ ಬಲ 6 ಡಿಬಿ ಎತ್ತರ. ಭೂತಗನ್ನಡಿ ಹಿಡಿದು ನೋಡಿದರೆ, 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಚಿಪ್‌ನಿಂದ ಎರಡು ಸೆಂಟಿಮೀಟರ್ ದೂರದಲ್ಲಿ ಕುಳಿತಿತ್ತು, ನಡುವೆ ಕೂದಲೆಳೆಯಂಥ ಟ್ರ್ಯಾಕ್. ಇನ್ನೊಂದನ್ನು ಸಪ್ಲೈ ಪಿನ್‌ಗೆ ಒತ್ತಿಕೊಂಡೇ ಸೋಲ್ಡರ್ ಮಾಡಿದೆ. ಈಗ ವ್ಯತ್ಯಾಸ 1 ಡಿಬಿ. ದರಕ್ಕೊಂದು ಪವರ್ ಎಂಬ ಪಟ್ಟಿಯನ್ನೂ ಹಾಕಿದ್ದೇನೆ. 256-ಕ್ವಾಮ್ 17 ಡಿಬಿಎಂನಲ್ಲಿ ನಿಂತಿದೆ, 16-ಕ್ವಾಮ್ 20ರಲ್ಲೂ ಪಾಸು. ಚಿಪ್ ಹಳೆಯದೇ. ಆಂಟೆನಾ ಹಾಕಿದ ಮೇಲೆ ಮತ್ತೆ ಕೆಡುತ್ತದೆಯೇ ಎಂಬುದನ್ನು ಇನ್ನೂ ನೋಡಿಲ್ಲ, ನಾಳಿನ ಕೆಲಸ ಅದೇ.